ಫೈಟ್ ಎಷ್ಟಿದೆ ಅಂತ ನೋಡಿ ಸಮುರಾಯ್ ಸಿನಿಮಾ ಆರಿಸಬೇಡಿ

‘ಮಾತು ಕಮ್ಮಿ, ಫೈಟ್ ಜಾಸ್ತಿ ಇರೋ ಕುಂಗ್‌ಫು, ಸಮುರಾಯ್ ಸಿನಿಮಾ ಹೇಳಿ, ಯಾವುದರಿಂದ ಶುರು ಮಾಡಲಿ’ ಅಂತ ಕೇಳಿದ್ದೀರಿ. ಹಾಸ್ಟೆಲ್‌ನಲ್ಲಿದ್ದಾಗ ನಾನೂ ಥೇಟ್ ಹೀಗೇ ಎಲ್ಲರನ್ನೂ ಕೇಳಿಕೊಂಡು ಓಡಾಡುತ್ತಿದ್ದೆ. ಪಕ್ಕದ ರೂಮಿನವನು ಒಂದು ಪೆನ್‌ಡ್ರೈವ್ ಕೊಟ್ಟ. ಅದರಲ್ಲಿ ‘ಹರಾಕಿರಿ’ ಇತ್ತು. 1962ರ ಜಪಾನಿ ಕಪ್ಪು ಬಿಳುಪು ಸಿನಿಮಾ, ಮಸಾಕಿ ಕೊಬಯಾಶಿ ನಿರ್ದೇಶನ.

ಒಡೆಯನಿಲ್ಲದೆ ಬೀದಿಗೆ ಬಿದ್ದ ಸಮುರಾಯ್, ಅಂದರೆ ಹಳೇ ಜಪಾನಿನ ಕತ್ತಿ ಯೋಧ ಒಬ್ಬ, ದೊಡ್ಡ ಮನೆತನದ ಬಾಗಿಲಿಗೆ ಬರುತ್ತಾನೆ. ಬದುಕು ಸಾಕಾಗಿದೆ, ನಿಮ್ಮ ಅಂಗಳದಲ್ಲಿ ಹೊಟ್ಟೆ ಸೀಳಿಕೊಂಡು ಮರ್ಯಾದೆಯಿಂದ ಸಾಯುತ್ತೇನೆ, ಜಾಗ ಕೊಡಿ ಅನ್ನುತ್ತಾನೆ. ಅವರೂ ಒಪ್ಪಿ ಏರ್ಪಾಡು ಮಾಡುತ್ತಾರೆ. ಅವನು ಅಂಗಳದ ಮಧ್ಯೆ ಕೂತು ತನ್ನ ಕಥೆ ಹೇಳಲು ಶುರು ಮಾಡುತ್ತಾನೆ. ಹೇಳುತ್ತಲೇ ಇರುತ್ತಾನೆ. ನನಗೆ ತಾಳ್ಮೆ ಎಲ್ಲಿತ್ತು? ಮೌಸ್ ಹಿಡಿದು ಮುಂದಕ್ಕೆ ಎಳೆದೆ. ಗಾಳಿಗೆ ಹುಲ್ಲು ತೂಗಾಡುವ ಬಯಲಲ್ಲಿ ಇಬ್ಬರು ಕತ್ತಿ ಹಿಡಿದು ನಿಂತಿದ್ದರು, ಅಷ್ಟು ನೋಡಿದೆ. ಮತ್ತೆ ಎಳೆದೆ, ಕೊನೆಯ ಹೊಡೆದಾಟ ನೋಡಿದೆ. ನಡುವೆ ಒಂದು ಕಡೆ ಅವನು ತನ್ನ ಬಟ್ಟೆಯೊಳಗಿಂದ ಏನನ್ನೋ ತೆಗೆದು ನೆಲಕ್ಕೆ ಎಸೆಯುತ್ತಾನೆ, ಅದನ್ನೂ ನೋಡಿದೆ. ಪರವಾಗಿಲ್ಲ ಅಂದುಕೊಂಡು ಡಿಲೀಟ್ ಮಾಡಿದೆ.

ವರ್ಷಗಳ ಮೇಲೆ ಪೂರ್ತಿ ಕೂತು ನೋಡಿದಾಗ ಗೊತ್ತಾಯಿತು, ಆ ಸಿನಿಮಾ ನಿಂತಿರುವುದೇ ಆ ಎಸೆತದ ಮೇಲೆ. ಇವನು ಸಾಯಲು ಬಂದವನೋ ಬೇರೇನಾದರೂ ಲೆಕ್ಕ ಚುಕ್ತಾ ಮಾಡಲು ಬಂದವನೋ ಅನ್ನುವ ಅನುಮಾನ ಒಂದೊಂದೇ ಮಾತಿಗೆ ಬಲಿಯಬೇಕು, ಆ ಮನೆಯವರ ಮುಖ ಬಿಳಿಚಿಕೊಳ್ಳುವಾಗ ನಮಗೂ ಹೊಟ್ಟೆ ತೊಳೆಸಬೇಕು. ನನಗೋ ಅವನ ಬಟ್ಟೆಯೊಳಗೆ ಏನಿದೆ ಅಂತ ಮೊದಲೇ ಗೊತ್ತು! ಅವನಿಗಿಂತ ಮೊದಲು ಅದೇ ಅಂಗಳಕ್ಕೆ ಬಂದಿದ್ದ ಹುಡುಗನೊಬ್ಬನ ಕಥೆಯೂ ಇದೆ. ಕತ್ತಿ ಮಾರಿಕೊಂಡು ಒರೆಯಲ್ಲಿ ಬಿದಿರಿನದು ಇಟ್ಟುಕೊಂಡು ಬಂದಿರುತ್ತಾನೆ. ಅದರಲ್ಲೇ ಸೀಳಿಕೋ ಅನ್ನುತ್ತಾರೆ. ಆ ದೃಶ್ಯದಲ್ಲೂ ನನ್ನ ತಲೆಯ ಅರ್ಧ ಭಾಗ ಕ್ಲೈಮ್ಯಾಕ್ಸ್ ಲೆಕ್ಕ ಹಾಕುತ್ತಾ ಕೂತಿತ್ತು. ಇಂಥ ಸಿನಿಮಾವನ್ನು ಏನೂ ಗೊತ್ತಿಲ್ಲದೆ ನೋಡುವ ಅವಕಾಶ ನಾನೇ ಕೈಯಾರೆ ಹಾಳು ಮಾಡಿಕೊಂಡೆ. ಅಂದಹಾಗೆ ಸಾಯಲು ಬಂದ ಆ ಸಮುರಾಯ್ ಪಾತ್ರದಲ್ಲಿ ಅಷ್ಟು ವಯಸ್ಸಾದವನಂತೆ ಕಾಣುವ ನಟ ತತ್ಸುಯಾ ನಕದಾಯ್‌ಗೆ ಆಗ ಮೂವತ್ತೂ ತುಂಬಿರಲಿಲ್ಲ. ದನಿ ಕೇಳಿ, ನಂಬಲ್ಲ ನೀವು.

ಹಾಗಾಗಿ ಫೈಟ್ ಲೆಕ್ಕ ಬಿಡಿ. ಮಾತು ಬೇಡ, ಫೈಟ್ ಮಾತ್ರ ಸಾಕು ಅನ್ನೋದು, ಯಕ್ಷಗಾನಕ್ಕೆ ಹೋಗಿ ಅರ್ಥಗಾರಿಕೆ ಬೇಡ, ಯುದ್ಧದ ಕುಣಿತ ಮಾತ್ರ ಸಾಕು ಅಂದ ಹಾಗೆ. ನಿರ್ದೇಶಕ ಅಕಿರಾ ಕುರೊಸಾವ ಅವರ ‘ಸಂಜುರೊ’ (1962) ಕೊನೆಯಲ್ಲಿ ನಾಯಕ ನಟ ತೊಶಿರೊ ಮಿಫುನೆ, ಇದೇ ನಕದಾಯ್ ಎದುರುಬದುರು ಸುಮ್ನೆ ನಿಂತೇ ಇರುತ್ತಾರೆ. ನಿಂತೇ ಇರುತ್ತಾರೆ. ಆಮೇಲೆ ಒಂದೇ ಏಟು, ಮುಗಿಯಿತು. ಆ ಏಟನ್ನು ಮಾತ್ರ ಕತ್ತರಿಸಿ ಯೂಟ್ಯೂಬಲ್ಲಿ ನೋಡಿದರೆ ರಕ್ತ ಚಿಮ್ಮಿದ್ದು ಬಿಟ್ಟು ಏನೂ ಸಿಗಲ್ಲ.

ಕುಂಗ್‌ಫು ಬೇರೆ, ಅಲ್ಲಿ ಫೈಟೇ ಮಾತು ಅಂತೀರೇನೋ. ಸ್ವಲ್ಪ ನಿಜ. ಆದರೆ ನನಗೆ ಅತಿ ಇಷ್ಟವಾದ ‘36ನೇ ಚೇಂಬರ್ ಆಫ್ ಶಾವೊಲಿನ್’ (1978) ನೋಡಿ. ನಡುವಿನ ದೊಡ್ಡ ಭಾಗ ಶಾವೊಲಿನ್ ಅನ್ನುವ ಬೌದ್ಧ ಮಠದಲ್ಲಿ ಬರೀ ಕಲಿಕೆ. ಊಟದ ಮನೆಗೆ ಹೋಗಬೇಕಾದರೆ ನೀರಲ್ಲಿ ತೇಲುವ ಮರದ ಕಟ್ಟಿನ ಮೇಲೆ ಕಾಲಿಟ್ಟು ದಾಟಬೇಕು, ಬಿದ್ದರೆ ಒದ್ದೆ. ಇನ್ನೊಂದು ಕಡೆ ಕೈ ಚಾಚಿ ನೀರಿನ ಬಕೆಟ್ ಹೊರಬೇಕು, ತೋಳಿಗೆ ಚೂಪಾದ ಅಲಗು ಕಟ್ಟಿರುತ್ತಾರೆ, ಕೈ ಇಳಿಸಿದರೆ ಪಕ್ಕೆಗೆ ಚುಚ್ಚುತ್ತದೆ. ನಿರ್ದೇಶಕ ಲಾವ್ ಕಾರ್-ಲ್ಯೂಂಗ್ ಸ್ವತಃ ಕುಂಗ್‌ಫು ಮನೆತನದವರು. ಅದಕ್ಕೇ ಬೆವರು ಸುಳ್ಳು ಅನ್ನಿಸಲ್ಲ.

ಎಲ್ಲಿಂದ ಶುರು ಅಂದರೆ, ಅದೇ ಕುರೊಸಾವ, ಮಿಫುನೆ ಜೋಡಿಯ ‘ಯೋಜಿಂಬೊ’ (1961). ಎರಡು ಗಂಟೆಯೂ ಇಲ್ಲ, ನಗುವೂ ಬರುತ್ತದೆ. ಅದಾದ ಮೇಲೆ 36ನೇ ಚೇಂಬರ್. ಜಾಕಿ ಚಾನ್ ಬೇಕಾದರೆ ‘ಡ್ರಂಕನ್ ಮಾಸ್ಟರ್’ (1978) ನೋಡಿ, ಕೂಡಲೇ ಜೆಟ್ ಲಿಯ ‘ಒನ್ಸ್ ಅಪಾನ್ ಎ ಟೈಮ್ ಇನ್ ಚೈನಾ’ (1991) ಹಾಕಿ. ನಟರು ಬೇರೆಯಾದರೂ ಎರಡರಲ್ಲೂ ನಾಯಕ ಒಬ್ಬನೇ, ಚೀನಾದ ಹೆಸರಾಂತ ಕುಂಗ್‌ಫು ಗುರು ವಾಂಗ್ ಫೇ-ಹಂಗ್. ಒಂದರಲ್ಲಿ ಪೋಲಿ ಹುಡುಗ, ಇನ್ನೊಂದರಲ್ಲಿ ಗಂಭೀರ ವೈದ್ಯ. ಮಜಾ ಇದೆ.

‘ಸೆವೆನ್ ಸಮುರಾಯ್’ (1954) ಮೊದಲು ನೋಡಿ ಅಂತ ಎಲ್ಲರೂ ಹೇಳುತ್ತಾರೆ, ನಾನು ಹೇಳಲ್ಲ. 207 ನಿಮಿಷ. ಒಂದು ಭಾನುವಾರ ಪೂರ್ತಿ ಬಿಡುವಾದಾಗ, ಫೋನ್ ಬೇರೆ ಕೋಣೆಯಲ್ಲಿಟ್ಟು ನೋಡಿ. ಸಬ್‌ಟೈಟಲ್ ಇಟ್ಟುಕೊಂಡು ಜಪಾನಿಯಲ್ಲೇ. ಅದರಲ್ಲಿ ಮಿಫುನೆ ಕೂಗಾಟವನ್ನು ಡಬ್ಬಿಂಗ್‌ನಲ್ಲಿ ಕೇಳಿದರೆ ಮಾತ್ರ ನನ್ನ ಹತ್ತಿರ ಹೇಳಬೇಡಿ.