ಗ್ಯಾಲಕ್ಸಿ ಬದಲಾಗುವುದನ್ನು ಯಾರೂ ಕಂಡಿಲ್ಲ, ಹಾಗಿದ್ದಮೇಲೆ ಕಂಪ್ಯೂಟರ್ ಮಾಡೆಲ್ ಹೇಳುವುದನ್ನು ಯಾಕೆ ನಂಬಬೇಕು?

ನೀವು ಕೇಳಿರುವುದು ಇಷ್ಟು: ಗ್ಯಾಲಕ್ಸಿ ಬದಲಾಗಲು ನೂರಾರು ಕೋಟಿ ವರ್ಷ ಬೇಕು, ನಾವು ದೂರದರ್ಶಕ ಹಿಡಿದು ನಾನೂರು ಚಿಲ್ಲರೆ ವರ್ಷವಷ್ಟೇ ಆಯಿತು. ಹೀಗಿರುವಾಗ ಇದಕ್ಕೆ ಇಷ್ಟು ವಯಸ್ಸು, ಇದರಲ್ಲಿ ಇಷ್ಟು ಲೋಹ (ಹೀಲಿಯಂಗಿಂತ ಭಾರದ ಧಾತುಗಳೆಲ್ಲ, ಆಮ್ಲಜನಕವೂ, ಖಗೋಳಜ್ಞರಿಗೆ ಲೋಹವೇ) ಅನ್ನುವುದು ಊಹೆಯಲ್ಲವೇ? ಡಿಗ್ರಿ ಓದುವಾಗ ನನ್ನನ್ನೂ ಕಾಡಿದ್ದ ಪ್ರಶ್ನೆ ಇದು.

ನಾನು ಸಂಡೂರಿನವಳು, ಈಗ ಬಳ್ಳಾರಿಯಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ನಮ್ಮ ಕಡೆ ಕಬ್ಬಿಣದ ಅದಿರಿನ ಲಾರಿ ಓಡಾಡುವ ರಸ್ತೆಯ ಬದಿಯಲ್ಲಿ ಬೇವಿನ ಎಲೆಯೂ ಕೆಂಪು. ಆ ಕೆಂಪು ಧೂಳಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಗ್ಯಾಲಕ್ಸಿಯ ಗಡಿಯಾರ ಅದರಲ್ಲೇ ಇದೆ.

ಮಹಾಸ್ಫೋಟದಿಂದ ಬಂದದ್ದು ಜಲಜನಕ, ಹೀಲಿಯಂ, ಚಿಟಿಕೆ ಲಿಥಿಯಂ. ಆಮ್ಲಜನಕ, ಮೆಗ್ನೀಸಿಯಂಗಳನ್ನು ಮುಖ್ಯವಾಗಿ ಬೇಯಿಸುವುದು ಭಾರೀ ನಕ್ಷತ್ರಗಳು. ಸೂರ್ಯನ 10 ಪಟ್ಟು ತೂಕದ ನಕ್ಷತ್ರ 2-3 ಕೋಟಿ ವರ್ಷದಲ್ಲೇ ಉರಿದು ಸಿಡಿಯುತ್ತದೆ. ಸೂರ್ಯನ ಆಯಸ್ಸು ಸುಮಾರು 1,000 ಕೋಟಿ. ಕಬ್ಬಿಣದ ಕಥೆ ಬೇರೆ. ನಮ್ಮ ಆಕಾಶಗಂಗೆಯ ಕಬ್ಬಿಣದಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಿರುವುದು ಶ್ವೇತಕುಬ್ಜಗಳು, ಅಂದರೆ ಹಗುರ ನಕ್ಷತ್ರಗಳು ಸತ್ತು ಉಳಿದ ತಿರುಳುಗಳು, ಸಿಡಿದು. ಅಂಥ ಒಂದು ಸ್ಫೋಟದಲ್ಲಿ ಸೂರ್ಯನ ತೂಕದ ಸುಮಾರು 0.6 ಪಾಲಿನಷ್ಟು ನಿಕ್ಕಲ್-56 ಹುಟ್ಟಿ, ಕೋಬಾಲ್ಟ್ ಆಗಿ, ಕೊನೆಗೆ ಕಬ್ಬಿಣವಾಗುತ್ತದೆ. ಆದರೆ ಶ್ವೇತಕುಬ್ಜ ಆಗಬೇಕಾದರೆ ಹಗುರ ನಕ್ಷತ್ರವೊಂದು ಮೊದಲು ತನ್ನ ಬಾಳು ಮುಗಿಸಬೇಕು, ಆಮೇಲೆ ಸಂಗಾತಿ ನಕ್ಷತ್ರದ ಜತೆ ಇನ್ನಷ್ಟು ಕಾಲ ಕಾಯಬೇಕು. ಹಾಗಾಗಿ ಆಮ್ಲಜನಕ ಬೇಗ ಬರುತ್ತದೆ, ಹೆಚ್ಚಿನ ಕಬ್ಬಿಣ ತಡವಾಗಿ ಬರುತ್ತದೆ. ಆಯಾ ಕಾಲಕ್ಕೆ ಹುಟ್ಟಿದ ಹಗುರ ನಕ್ಷತ್ರಗಳು ಆಗಿನ ಅನಿಲದ ಹದವನ್ನು ಮೈಮೇಲೆ ಹಾಗೇ ಉಳಿಸಿಕೊಂಡಿರುತ್ತವೆ. ಅವುಗಳ ರೋಹಿತದ ಗೆರೆಗಳಲ್ಲಿ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಕಾಣುವ ಧಾತುಗಳ ಗುರುತು) ಅದನ್ನು ಇವತ್ತು ಅಳೆಯಬಹುದು. ಆ ತಡದ ಕಬ್ಬಿಣ ಬರುವ ಮೊದಲು ಹುಟ್ಟಿದವು ಯಾವು, ಬಂದಮೇಲೆ ಹುಟ್ಟಿದವು ಯಾವು ಎಂದು ಹೀಗೆ ಗೊತ್ತಾಗುತ್ತದೆ.

ಮಾಡೆಲ್ ಅಂದರೆ ಇದರ ಜಮಾಖರ್ಚು. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದ ಒಳಹರಿವು, ಹೊರಹರಿವು ದಿನಾ ಪೇಪರಿನಲ್ಲಿ ಬರುತ್ತದಲ್ಲ, ಹಾಗೆಯೇ. ಎಷ್ಟು ಅನಿಲ ಬಂತು, ಎಷ್ಟು ನಕ್ಷತ್ರವಾಯಿತು, ಸ್ಫೋಟಗಳು ಎಷ್ಟನ್ನು ಹೊರಗೆ ತಳ್ಳಿದವು, ಎಷ್ಟು ಲೋಹ ಸೇರಿತು. ಲೋಹವನ್ನು ಹೂಳು ಅಂದುಕೊಳ್ಳಿ (133 ಟಿಎಂಸಿಯ ನಮ್ಮ ಡ್ಯಾಮು ಹೂಳು ತುಂಬಿ 105ರ ಆಸುಪಾಸಿಗೆ ಇಳಿದಿದೆ), ಆದರೆ ಗ್ಯಾಲಕ್ಸಿಯ ಹೂಳು ಒಳಗೇ ತಯಾರಾಗುವಂಥದ್ದು. ಮೊದಮೊದಲು ಖಗೋಳಜ್ಞರು ಒಳಹರಿವೇ ಇಲ್ಲದ ಮುಚ್ಚಿದ ಪೆಟ್ಟಿಗೆಯ ಲೆಕ್ಕ ಹಾಕಿದರು. ಆ ಲೆಕ್ಕದಂತೆ ಸೂರ್ಯನ ನೆರೆಹೊರೆಯಲ್ಲಿ ಲೋಹ ಕಡಿಮೆ ಇರುವ ಹಳೆಯ ನಕ್ಷತ್ರಗಳು ಬೇಕಾದಷ್ಟು ಸಿಗಬೇಕಿತ್ತು. ಎಣಿಸಿದರೆ ಸಿಕ್ಕಿದ್ದು ತೀರಾ ಕಡಿಮೆ. 1960ರ ದಶಕದ ಆರಂಭದಲ್ಲೇ ಇದು ಬಯಲಾಯಿತು, ಪೆಟ್ಟಿಗೆ ತೆರೆಯಲೇಬೇಕಾಯಿತು: ಹೊರಗಿನಿಂದ ಹೊಸ ಅನಿಲ ಸುರಿಯುತ್ತಲೇ ಇದೆ ಎಂದು ಒಪ್ಪಿದರೆ ಲೆಕ್ಕ ಚೆನ್ನಾಗಿ ಹೊಂದುತ್ತದೆ. ಬರೀ ಊಹೆಯಾಗಿದ್ದರೆ ಹೀಗೆ ಸೋಲುತ್ತಿರಲಿಲ್ಲ.

ಇನ್ನು ಬೆಳಕು. ನಕ್ಷತ್ರಗಳು ಒಟ್ಟಿಗೆ ಹುಟ್ಟಿದಾಗ ಯಾವ ತೂಕದವು ಎಷ್ಟಿರುತ್ತವೆ ಎಂಬ ಲೆಕ್ಕವನ್ನು ಖಗೋಳಜ್ಞ ಎಡ್ವಿನ್ ಸಾಲ್ಪೀಟರ್ 1955ರಲ್ಲಿ ಕೊಟ್ಟರು. ಭಾರದವು ನೀಲಿ, ಬಲು ಪ್ರಕಾಶ, ಅಲ್ಪಾಯುಷಿ. ಅವು ಸತ್ತಂತೆ ಉಳಿದ ಗುಂಪು ಮಂಕಾಗಿ ಕೆಂಪಾಗುತ್ತದೆ. ಪ್ರತಿ ವಯಸ್ಸಿನ ಗುಂಪಿನ ಬೆಳಕು ಕೂಡಿದರೆ ಇಡೀ ಗ್ಯಾಲಕ್ಸಿಯ ಬೆಳಕು. ಇದನ್ನು ಅನಿಲ, ಲೋಹಗಳ ಲೆಕ್ಕದ ಜತೆ ಸೇರಿಸಿ ಗಟ್ಟಿಯಾಗಿ ಮಾಡಿ ತೋರಿಸಿದವರು ಖಗೋಳಜ್ಞೆ ಬಿಯಾಟ್ರಿಸ್ ಟಿನ್ಸ್‌ಲಿ, 1968ರಲ್ಲಿ. ದೂರದ ದೊಡ್ಡ ಗ್ಯಾಲಕ್ಸಿಗಳ ಪ್ರಕಾಶ ಹೆಚ್ಚುಕಡಿಮೆ ಬದಲಾಗುವುದಿಲ್ಲ ಎಂದು ನಂಬಿ ಆಗ ವಿಶ್ವದ ಹಿಗ್ಗುವಿಕೆಯನ್ನೇ ಅಳೆಯುತ್ತಿದ್ದರು. ಬದಲಾಗುತ್ತದೆ, ನಿಮ್ಮ ಅಳತೆಯನ್ನು ಕೆಡಿಸುವಷ್ಟು ಬದಲಾಗುತ್ತದೆ ಎಂದರು ಟಿನ್ಸ್‌ಲಿ. 1981ರಲ್ಲಿ, 40ನೇ ವಯಸ್ಸಿಗೇ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ವಿಷಯ ಪಾಠ ಮಾಡುವ ದಿನ ನಾನು ಸಿಲಬಸ್ ಪಕ್ಕಕ್ಕಿಡುತ್ತೇನೆ.

ನಿಮ್ಮ ಅನುಮಾನಕ್ಕೆ ನಿಜವಾಗಿ ಜಾಗ ಇರುವುದು ಇಲ್ಲಿ: ಬಣ್ಣ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ವಯಸ್ಸಾದರೂ ಗ್ಯಾಲಕ್ಸಿ ಕೆಂಪಾಗುತ್ತದೆ, ಲೋಹ ಹೆಚ್ಚಿದರೂ ಕೆಂಪಾಗುತ್ತದೆ, ಯಾಕೆಂದರೆ ಲೋಹದ ಪರಮಾಣುಗಳು ನೀಲಿ ಬೆಳಕನ್ನು ನುಂಗುತ್ತವೆ, ನಕ್ಷತ್ರದ ಮೈಯೂ ತಣ್ಣಗಾಗುತ್ತದೆ. ವಯಸ್ಸು 3 ಪಟ್ಟಾದರೂ ಲೋಹ 2 ಪಟ್ಟಾದರೂ ಹಳೆಯ ಗ್ಯಾಲಕ್ಸಿಯ ಬಣ್ಣದಲ್ಲಿ ಆಗುವ ಬದಲಾವಣೆ ಹತ್ತಿರ ಹತ್ತಿರ ಒಂದೇ ಎಂದು 1994ರಲ್ಲಿ ಖಗೋಳಜ್ಞ ಗೈ ವರ್ದಿ ತೋರಿಸಿದರು. ಧೂಳು ಬೇರೆ ಕೆಂಪು ಬಳಿಯುತ್ತದೆ. ಬಿಡಿಸುವ ದಾರಿ ಮತ್ತೆ ಗೆರೆಗಳೇ: ಜಲಜನಕದ ಹೆಚ್-ಬೀಟಾ ಗೆರೆ ವಯಸ್ಸಿಗೆ ಹೆಚ್ಚು ಸ್ಪಂದಿಸುತ್ತದೆ, ಕಬ್ಬಿಣ-ಮೆಗ್ನೀಸಿಯಂ ಗೆರೆಗಳು ಲೋಹಕ್ಕೆ. ಗ್ಯಾಲಕ್ಸಿಯಲ್ಲಿ ನಕ್ಷತ್ರಗಳು ಹುಟ್ಟಿಬಂದ ಒಂದೇ ಚರಿತ್ರೆ ಬೆಳಕಿಗೂ ಹೊಂದಬೇಕು, ಲೋಹದ ಜಮಾಖರ್ಚಿಗೂ ಹೊಂದಬೇಕು. ಎರಡಕ್ಕೂ ಹೊಂದದ ಮಾಡೆಲನ್ನು ನಾನೂ ನಂಬುವುದಿಲ್ಲ.

ಯಾರೂ ಕಂಡಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ದೂರ ನೋಡುವುದೆಂದರೆ ಹಿಂದಿನದನ್ನು ನೋಡುವುದು. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಕಂಡುಹಿಡಿದ ಜೇಡ್ಸ್-ಜಿಎಸ್-ಝಡ್14-0 ಎಂಬ ಗ್ಯಾಲಕ್ಸಿಯ ಬೆಳಕು ಹೊರಟಾಗ ವಿಶ್ವಕ್ಕೆ 30 ಕೋಟಿ ವರ್ಷವೂ ತುಂಬಿರಲಿಲ್ಲ. 2025ರಲ್ಲಿ ಚಿಲಿಯ ಅಲ್ಮಾ ದೂರದರ್ಶಕ ಅದರಲ್ಲಿ ಆಮ್ಲಜನಕ ಕಂಡಿತು. ಬೇಗ ಬರುವ ಧಾತು ಅದು, ಸರಿಯೇ. ಆದರೆ ಅಷ್ಟು ಬೇಗ ಅಷ್ಟೊಂದು ಇರುತ್ತದೆಂದು ಯಾರೂ ಎಣಿಸಿರಲಿಲ್ಲ. ಆರಂಭದ ವಿಶ್ವದ ಲೆಕ್ಕಗಳನ್ನು ಈಗ ಮತ್ತೆ ತಿದ್ದಬೇಕಾಗಿದೆ.

ನೀವು ಬಿ.ಎಸ್ಸಿ ಅಂದಿದ್ದೀರಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸ್ವಲ್ಪ ಬಂದರೆ ಸಾಕು, ಇಂಥ ಚಿಕ್ಕ ಮಾಡೆಲನ್ನು ನೀವೇ ಮಾಡಬಹುದು. ಅನಿಲ, ನಕ್ಷತ್ರ, ಆಮ್ಲಜನಕ, ಕಬ್ಬಿಣ: ನಾಲ್ಕು ಸಂಖ್ಯೆ. ಹೆಜ್ಜೆಗೆ 1 ಕೋಟಿ ವರ್ಷ, ಒಟ್ಟು 1,300 ಹೆಜ್ಜೆ. ನಕ್ಷತ್ರ ಹುಟ್ಟುವ ದರ ಉಳಿದ ಅನಿಲಕ್ಕೆ ಅನುಪಾತದಲ್ಲಿರಲಿ. ಆಮ್ಲಜನಕವನ್ನೂ ಕಬ್ಬಿಣದ ಸ್ವಲ್ಪ ಭಾಗವನ್ನೂ ಆಗಿಂದಾಗ ಜಮಾ ಮಾಡಿ, ಉಳಿದ ಕಬ್ಬಿಣವನ್ನು 100 ಕೋಟಿ ವರ್ಷ ತಡಮಾಡಿ. ಕಬ್ಬಿಣ ಏರಿದಂತೆ ಆಮ್ಲಜನಕ-ಕಬ್ಬಿಣದ ಅನುಪಾತ ಏನಾಗುತ್ತದೆಂದು ಗ್ರಾಫ್ ಎಳೆಯಿರಿ. ಮೊದಲು ಸಮತಟ್ಟಾಗಿ ಹೋಗಿ, ಒಂದು ಜಾಗದಲ್ಲಿ ಮೊಣಕಾಲಿನಂತೆ ಮಡಚಿ ಇಳಿಯಬೇಕು. ಆಮೇಲೆ ನಕ್ಷತ್ರ ಹುಟ್ಟುವ ವೇಗ ಹೆಚ್ಚಿಸಿ ಮತ್ತೆ ಓಡಿಸಿ, ಆ ಮಡಿಕೆ ಬಲಕ್ಕೆ ಸರಿಯುವುದನ್ನು ನೀವೇ ನೋಡಿ. ಸರಿಯದಿದ್ದರೆ ಕೋಡ್ ಕಳಿಸಿ, ಭಾನುವಾರ ಕೂತು ನೋಡುತ್ತೇನೆ.