ಅಪ್ಪ ಅಮ್ಮನ ಜೊತೆ ದಸರಾ ರಜೆಗೆ ಶ್ರೀಲಂಕಾ: ಏಳು ದಿನ ಸಾಕಾ, ಪ್ಲಾನ್ ಹೇಗೆ ಮಾಡೋದು?

ನೀವು ಚಿಂತಾಮಣಿಯವರು. ಅರವತ್ತು ದಾಟಿದ ಅಪ್ಪ ಅಮ್ಮ, ನೀವಿಬ್ಬರು, ಏಳು ವರ್ಷದ ಮಗಳು, ಒಟ್ಟು ಐದು ಜನ. ದಸರಾ ರಜೆಯ ಏಳು ದಿನದಲ್ಲಿ ಸಿಗಿರಿಯ, ಕ್ಯಾಂಡಿ, ನುವಾರ ಎಲಿಯ, ಎಲ್ಲ, ಮಿರಿಸ್ಸ, ಬೆಂತೋಟ, ಕೊಲಂಬೊ ನೋಡಿಕೊಂಡು ಬರಬಹುದಾ ಅಂತ ಕೇಳಿದ್ದೀರಿ.

ಬರಬಹುದು. ಬಂದ ಮೇಲೆ ಇನ್ನೊಂದು ವಾರ ರಜೆ ಹಾಕಿ ಮಲಗಬೇಕಾಗುತ್ತದೆ, ಅಷ್ಟೇ. ನಾನು ಚಿಕ್ಕಬಳ್ಳಾಪುರದವನು. 2018ರ ಅಕ್ಟೋಬರಿನಲ್ಲಿ ಹೆಚ್ಚುಕಡಿಮೆ ಇದೇ ಪಟ್ಟಿ ಹಿಡಿದುಕೊಂಡು, ಇದೇ ರೀತಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಬೆಂತೋಟದಲ್ಲಿ ಎರಡು ದಿನ ಇದ್ದೆವು. ಎರಡೂ ದಿನ ದಡದಲ್ಲಿ ಕೆಂಪು ಬಾವುಟ. ಸಮುದ್ರಕ್ಕೆ ಕಾಲಿಡುವ ಹಾಗಿಲ್ಲ. ಲಾಡ್ಜಿನ ಕಿಟಕಿಯಿಂದ ಮಳೆ ನೋಡುತ್ತಾ ಇಸ್ಪೀಟು ಆಡಿದೆವು. ಪ್ಯಾಕೇಜ್ ಮಾರಿದ ಏಜೆಂಟು ಮಳೆಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ ಬಿಡಿ. ಹಸ್ತ, ಚಿತ್ತಾ ಮಳೆ ಬಂದರೆ ಸಾಕಪ್ಪಾ ಅಂತ ಆಕಾಶ ನೋಡುವವರು ನಾವು. ಬೋರ್‌ವೆಲ್ ಸಾವಿರ ಅಡಿ ದಾಟಿದ ಸೀಮೆಯವರಿಗೆ, ಮಳೆ ಬಂದು ರಜೆ ಕೆಡಬಹುದು ಅಂತ ಹೊಳೆಯುವುದಾದರೂ ಹೇಗೆ?

ಅದಕ್ಕೇ ಹೇಳುತ್ತಿದ್ದೇನೆ, ಮೊದಲು ತಿಂಗಳು ಗಟ್ಟಿ ಮಾಡಿಕೊಳ್ಳಿ. ಊರುಗಳ ಪಟ್ಟಿ ಆಮೇಲೆ.

ಶ್ರೀಲಂಕಾಕ್ಕೆ ಎರಡು ಮುಂಗಾರು ಇದ್ದ ಹಾಗೆ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತದ ಮಳೆ. ಅದು ಕೊಲಂಬೊ, ಬೆಂತೋಟ, ಗಾಲೆ ಇರುವ ಪಶ್ಚಿಮ ಮತ್ತು ದಕ್ಷಿಣ ಕರಾವಳಿಗೆ, ಬೆಟ್ಟದ ಪಶ್ಚಿಮ ಇಳಿಜಾರಿಗೆ ಬಡಿಯುತ್ತದೆ. ಆಗ ಪೂರ್ವದ ಟ್ರಿಂಕೋಮಲಿ ಒಣಗಿಕೊಂಡು, ಸಮುದ್ರ ಶಾಂತವಾಗಿ ಇರುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ಇದು ಉಲ್ಟಾ. ಈಶಾನ್ಯ ಮಾರುತ ಪೂರ್ವ ಮತ್ತು ಉತ್ತರದಲ್ಲಿ ಮಳೆ ಸುರಿಸುತ್ತದೆ, ಪಶ್ಚಿಮ ಮತ್ತು ದಕ್ಷಿಣದಲ್ಲಿ ಬಿಸಿಲು. ದ್ವೀಪದ ನಡುವಿನ ಬೆಟ್ಟಗಳೇ ಇದಕ್ಕೆ ಕಾರಣ. ಒಂದು ಕಡೆಯ ಮೋಡವನ್ನು ತಡೆದು ಇನ್ನೊಂದು ಕಡೆ ಒಣಗಿಸುತ್ತವೆ, ನಮ್ಮ ಪಶ್ಚಿಮ ಘಟ್ಟ ನಮಗೆ ಮಾಡಿದ ಹಾಗೆ.

ಈ ಎರಡರ ಮಧ್ಯೆ, ಅಕ್ಟೋಬರ್ ಮತ್ತು ನವೆಂಬರಿನಲ್ಲಿ, ಮಳೆ ಯಾವ ಕಡೆ ಅಂತ ಇಲ್ಲ. ಇಡೀ ದ್ವೀಪಕ್ಕೆ. ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು, ಜೊತೆಗೆ ಬಂಗಾಳ ಕೊಲ್ಲಿಯ ಚಂಡಮಾರುತದ ಭಯ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತಕ್ಕೆ ಬೆಟ್ಟಗಳು ಕುಸಿದು ನೂರಾರು ಜನ ಸತ್ತರು. ನೀವು ಹೇಳಿದ ದಸರಾ ರಜೆ ಸರಿಯಾಗಿ ಈ ಕಾಲದ ಬಾಗಿಲಲ್ಲಿ ನಿಂತಿದೆ.

ಮಗಳ ಶಾಲೆಗೆ ಬೇಸಿಗೆ ರಜೆಯೂ ಇರುತ್ತದಲ್ವಾ? ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರಕ್ಕೆ ಹಾಕಿಕೊಳ್ಳಿ. ನಾವು ಎರಡನೇ ಸಲ, 2024ರಲ್ಲಿ, ಹಾಗೇ ಹೋದೆವು. ಸಂಜೆ ಒಂದೆರಡು ದಿನ ಗುಡುಗಿತು. ಅದು ಬಿಟ್ಟರೆ ತೊಂದರೆ ಆಗಲಿಲ್ಲ. ಏಪ್ರಿಲ್ 13, 14ರ ಸುತ್ತಮುತ್ತ ಮಾತ್ರ ಬೇಡ. ಅದು ಅವರ ಹೊಸ ವರ್ಷ. ಅಂಗಡಿ ಮುಚ್ಚಿರುತ್ತವೆ, ಡ್ರೈವರ್‌ಗಳು ಊರಿಗೆ ಹೋಗಿರುತ್ತಾರೆ, ನುವಾರ ಎಲಿಯದಲ್ಲಿ ರೂಮಿನ ಬಾಡಿಗೆ ಆಕಾಶಕ್ಕೆ ಏರಿರುತ್ತದೆ. ದಸರಾಗೇ ಹೋಗಬೇಕು ಅಂತಿದ್ದರೆ ಸಮುದ್ರ ದಡದ ಊರುಗಳನ್ನು ಪಟ್ಟಿಯಿಂದ ತೆಗೆದುಬಿಡಿ. ಬೆಳಗ್ಗೆ ಬೇಗ ತಿರುಗಿ, ಮಧ್ಯಾಹ್ನ ರೂಮು ಸೇರಿಕೊಳ್ಳಿ.

ಇನ್ನು ಪಟ್ಟಿ. ಏಳು ದಿನಕ್ಕೆ ಏಳು ಊರು ಹಾಕಿದ್ದೀರಿ. ಮ್ಯಾಪಿನಲ್ಲಿ ಶ್ರೀಲಂಕಾ ಪುಟಾಣಿ ದೇಶ, ನಿಜ. ಆದರೆ ಕ್ಯಾಂಡಿಯಿಂದ ನುವಾರ ಎಲಿಯ 75 ಕಿಲೋಮೀಟರ್ ಅಷ್ಟೇ, ಎರಡೂವರೆಯಿಂದ ಮೂರು ಗಂಟೆ ಬೇಕು. ದಾರಿ ತುಂಬಾ ತಿರುವು. ನಂದಿ ಬೆಟ್ಟದ ತಿರುವುಗಳಲ್ಲೇ ನಮ್ಮಮ್ಮನಿಗೆ ವಾಂತಿ ಬರುತ್ತದೆ, ಅಲ್ಲಿ ಕೇಳಬೇಡಿ. ಎಲ್ಲ ಅನ್ನುವುದು ಒಂದು ಊರಿನ ಹೆಸರು, ಗೊತ್ತಲ್ಲ? ನಾವು ಎಲ್ಲ ನೋಡಲು ಹೋಗಿ ಎಲ್ಲವನ್ನೂ ಕಾರಿನ ಕಿಟಕಿಯಿಂದ ನೋಡಿದೆವು.

ಎರಡನೇ ಸಲ ಮೂರೇ ಊರು, ಎರಡೆರಡು ರಾತ್ರಿ. ಸಿಗಿರಿಯ ಪಕ್ಕದ ದಂಬುಳ್ಳ, ಟ್ರಿಂಕೋಮಲಿ, ಕ್ಯಾಂಡಿ. ವಿಮಾನ ಇಳಿಯುವುದು ಕಟುನಾಯಕದಲ್ಲಿ. ಅದು ಕೊಲಂಬೊದಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್. ಅಲ್ಲಿಂದ ಕೊಲಂಬೊಗೆ ಹೋಗದೆ ನೇರ ದಂಬುಳ್ಳದ ಕಡೆ ಹೊರಟರೆ ನಾಲ್ಕು ಗಂಟೆ. ನಮ್ಮ ಕಡೆಯವರಿಗೆ ಇನ್ನೊಂದು ಅನುಕೂಲ ಇದೆ. ದೇವನಹಳ್ಳಿ ಏರ್‌ಪೋರ್ಟ್ ಚಿಕ್ಕಬಳ್ಳಾಪುರದಿಂದ ಸುಮಾರು 30 ಕಿಲೋಮೀಟರ್. ಜಯನಗರದವರು ಹೆಬ್ಬಾಳದಲ್ಲಿ ಬೆವರುತ್ತಿರುವಾಗ ನಾವು ಮನೆಯಲ್ಲಿ ಎರಡನೇ ಕಾಫಿ ಕುಡಿಯಬಹುದು. ಹೊರದೇಶದ ವಿಮಾನಗಳು ಟರ್ಮಿನಲ್ 2ರಿಂದ, ನೆನಪಿರಲಿ. ಕೊಲಂಬೊಗೆ ನೇರ ವಿಮಾನ ಇದೆ, ಒಂದೂವರೆ ಗಂಟೆ ಚಿಲ್ಲರೆ. ಗಡಿಯಾರ ಬದಲಾಯಿಸುವ ಕೆಲಸವೂ ಇಲ್ಲ, ಅಲ್ಲೂ ನಮ್ಮದೇ ಟೈಮು.

ಸಿಗಿರಿಯ ಬಂಡೆ 5ನೇ ಶತಮಾನದ ಕಾಶ್ಯಪ ರಾಜನ ಕೋಟೆ. ಸುಮಾರು 1200 ಮೆಟ್ಟಿಲು. ಅಪ್ಪ ಸುಲ್ತಾನ್‌ಪೇಟೆ ಕಡೆಯಿಂದ ನಂದಿ ಬೆಟ್ಟದ ಮೆಟ್ಟಿಲು ಹತ್ತಬಲ್ಲರಾ? ಹೋಗುವ ತಿಂಗಳು ಮುಂಚೆ ಒಂದು ಭಾನುವಾರ ಹತ್ತಿಸಿ ನೋಡಿ, ಅದೇ ಪರೀಕ್ಷೆ. ಆಗಲ್ಲ ಅಂದರೆ ಕೆಳಗಿನ ಉದ್ಯಾನದಲ್ಲಿ ಕೂರಲಿ, ಅದೂ ಚೆನ್ನಾಗಿದೆ. ಹತ್ತುವವರು ಬಾಗಿಲು ತೆರೆದ ಕೂಡಲೇ ಹತ್ತಿ. ಅಲ್ಲಿನ ಬಿಸಿಲು ನಮ್ಮ ಒಣ ಬಿಸಿಲಿನ ಹಾಗಲ್ಲ. ಬೆವರು ಆರುವುದೇ ಇಲ್ಲ. ನೀರಿನ ಜೊತೆ ಓಆರ್‌ಎಸ್ ಪ್ಯಾಕೆಟ್ ಇಟ್ಟುಕೊಳ್ಳಿ. ಟಿಕೆಟ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಸಾರ್ಕ್, ಅಂದರೆ ನಮ್ಮನ್ನೂ ಸೇರಿಸಿ ದಕ್ಷಿಣ ಏಷ್ಯಾದ ಒಕ್ಕೂಟದ ದೇಶದವರ ದರ ಕೇಳಿ. ನಾವು ಮೊದಲ ಸಲ ಕೇಳದೆ ಪೂರ್ತಿ ದುಡ್ಡು ಕೊಟ್ಟು ಬಂದಿದ್ದೆವು.

ಹತ್ತಿರದಲ್ಲೇ ಪೊಲೊನ್ನರುವ ಇದೆ, ಅರ್ಧ ದಿನ ಇಡಿ. ಅಲ್ಲಿ ಚೋಳರು 11ನೇ ಶತಮಾನದಲ್ಲಿ ಕಟ್ಟಿಸಿದ ಕಲ್ಲಿನ ಶಿವನ ಗುಡಿ ಇದೆ. ಕೋಲಾರಮ್ಮನ ಗುಡಿಯಲ್ಲಿ ರಾಜೇಂದ್ರ ಚೋಳನ ಕಾಲದ ಶಾಸನ ನೋಡಿದವರಿಗೆ, ಅದೇ ಚೋಳರನ್ನು ಸಮುದ್ರದ ಆಚೆ ನೋಡಿದಾಗ ಮೈ ಜುಮ್ ಅನ್ನುತ್ತದೆ. ಮಗಳಿಗೆ ಬೋರ್ ಆಗುತ್ತದೆ, ಅದು ಬೇರೆ ಮಾತು.

ಟ್ರಿಂಕೋಮಲಿಯಲ್ಲಿ ಅಪ್ಪ ಅಮ್ಮನಿಗೆ ಕೋಣೇಶ್ವರ. ಕಡಲ ಮೇಲೆ ಚಾಚಿಕೊಂಡ ಬಂಡೆಯ ತುದಿಯಲ್ಲಿ ಶಿವ. ಹಳೆಯ ಗುಡಿಯನ್ನು ಪೋರ್ಚುಗೀಸರು 17ನೇ ಶತಮಾನದಲ್ಲಿ ಕೆಡವಿದರು, ಈಗಿರುವುದು ಆಮೇಲೆ ಕಟ್ಟಿದ್ದು. ದಾರಿಯ ಕೋಟೆಯಲ್ಲಿ ಜಿಂಕೆಗಳು ಸುಮ್ನೆ ಓಡಾಡಿಕೊಂಡಿರುತ್ತವೆ, ಮಗಳಿಗೆ ಅಷ್ಟು ಸಾಕು. ಪಕ್ಕದ ನಿಲಾವೇಲಿಯ ದಡದಲ್ಲಿ ಮೇ ತಿಂಗಳಲ್ಲಿ ಸಮುದ್ರ ಶಾಂತ. ನಮ್ಮಪ್ಪ ಪಂಚೆ ಎತ್ತಿ ಕಟ್ಟಿ ಎರಡು ಗಂಟೆ ನೀರಲ್ಲೇ ನಿಂತಿದ್ದರು. ಇಲ್ಲಿ ತಮಿಳು ನಡೆಯುತ್ತದೆ, ಹಾಗಾಗಿ ಮಾತಿಗೆ ಕಷ್ಟವಿಲ್ಲ.

ಕ್ಯಾಂಡಿಯಲ್ಲಿ ಬುದ್ಧನ ಹಲ್ಲಿನ ದೇವಾಲಯ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ, ಅವರು ಅದನ್ನು ಅವಮಾನ ಅಂದುಕೊಳ್ಳುತ್ತಾರೆ. ಕ್ಯಾಂಡಿಯಿಂದ ಎಲ್ಲಕ್ಕೆ ಹೋಗುವ ರೈಲು ಬಹಳ ಹೆಸರುವಾಸಿ, ಆರೇಳು ಗಂಟೆಯ ದಾರಿ. ದಿತ್ವಾದಲ್ಲಿ ಆ ಬೆಟ್ಟದ ಹಳಿಗೆ ತುಂಬಾ ಹಾನಿ ಆಗಿದೆ. ಯಾವ ಭಾಗ ಓಡುತ್ತಿದೆ ಅಂತ ವಿಚಾರಿಸದೆ ಅದನ್ನು ನಂಬಿ ಪ್ಲಾನ್ ಮಾಡಬೇಡಿ.

ಐದು ಜನಕ್ಕೆ ಕಾರು ಸಾಲದು. ಡ್ರೈವರ್ ಜೊತೆ ವ್ಯಾನ್ ತೆಗೆದುಕೊಳ್ಳಿ, ಅಲ್ಲಿ ಅದಕ್ಕೆ ಕೆಡಿಎಚ್ ಅನ್ನುತ್ತಾರೆ. ದಿನಕ್ಕೆ ಎಷ್ಟು ಕಿಲೋಮೀಟರ್, ಡ್ರೈವರ್ ಊಟ ಮತ್ತು ಮಲಗುವ ಜಾಗ ಯಾರದ್ದು, ಈ ಎರಡನ್ನು ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಮಸಾಲೆ ತೋಟ, ರತ್ನದ ಅಂಗಡಿಗೆ ನಿಲ್ಲಿಸಿದರೆ ಬೇಡಪ್ಪಾ ಅಂತ ಮೊದಲ ದಿನವೇ ಹೇಳಿ. ಅಲ್ಲಿ ಅವರಿಗೆ ಕಮಿಷನ್ ಇರುತ್ತದೆ.

ಕಾಗದದ ಕೆಲಸ ಈಗಲೇ ಶುರು ಮಾಡಿ. ಅರವತ್ತು ದಾಟಿದವರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಹೊಸ ಪಾಸ್‌ಪೋರ್ಟ್ ಶುಲ್ಕದಲ್ಲಿ ಶೇ 10 ರಿಯಾಯಿತಿ ಇದೆ. ಕಷ್ಟ ಇರುವುದು ಇನಿಷಿಯಲ್‌ನಲ್ಲಿ. ನಮ್ಮಪ್ಪನ ಆಧಾರ್‌ನಲ್ಲಿ ಒಂದು ಅಕ್ಷರ, ಬ್ಯಾಂಕ್ ಪುಸ್ತಕದಲ್ಲಿ ಪೂರ್ತಿ ಹೆಸರು, ಅದನ್ನು ಸರಿ ಮಾಡಿಸಲು ಒಂದೂವರೆ ತಿಂಗಳು ಹೋಯಿತು. ಹಳೆ ಪಾಸ್‌ಪೋರ್ಟ್ ಇದ್ದರೆ ಕನಿಷ್ಠ ಆರು ತಿಂಗಳು ಅವಧಿ ಉಳಿದಿರಬೇಕು. ಶ್ರೀಲಂಕಾಕ್ಕೆ ಇಟಿಎ ಅನ್ನುವ ಅನುಮತಿ ಆನ್‌ಲೈನಿನಲ್ಲೇ ಸಿಗುತ್ತದೆ. ಅದರ ಶುಲ್ಕ, ನಿಯಮ ಆಗಾಗ ಬದಲಾಗುತ್ತವೆ. ಅವರ ಸರ್ಕಾರದ ವೆಬ್‌ಸೈಟಿನಲ್ಲೇ ಹಾಕಿ. ಅದೇ ರೀತಿ ಕಾಣುವ ಬೇರೆ ಸೈಟುಗಳಿವೆ, ಮೊದಲ ಸಲ ನಾನು ಒಂದಕ್ಕೆ ಸುಮ್ನೆ ದುಡ್ಡು ಸುರಿದಿದ್ದೇನೆ. ನೀವು ಸರ್ಕಾರಿ ನೌಕರರಾಗಿದ್ದರೆ ಇಲಾಖೆಯ ಅನುಮತಿಯೂ ಬೇಕು.

ದುಡ್ಡಿನ ವಿಷಯ ಸುಲಭ. ನಮ್ಮ ಒಂದು ರೂಪಾಯಿಗೆ ಅವರದು ಮೂರೂವರೆಯ ಆಸುಪಾಸು. 2024ರ ಫೆಬ್ರವರಿಯಿಂದ ಅಲ್ಲಿ ಯುಪಿಐ ಕೂಡ ಶುರುವಾಗಿದೆ. ಆದರೂ ಎಳನೀರಿನವರಿಗೆ, ಆಟೋಗೆ, ಚಪ್ಪಲಿ ಕಾಯುವವರಿಗೆ ನೋಟೇ ಬೇಕು. ಅಪ್ಪ ಅಮ್ಮನ ಹೆಸರಲ್ಲಿ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸುವಾಗ ಬಿಪಿ, ಶುಗರ್ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಕ್ಲೇಮಿನ ಹೊತ್ತಿಗೆ ಅದನ್ನೇ ಹಿಡಿಯುತ್ತಾರೆ. ಮಾತ್ರೆಗಳನ್ನು ಎರಡು ಬ್ಯಾಗಿಗೆ ಹಂಚಿ, ಡಾಕ್ಟರ್ ಚೀಟಿ ಜೊತೆಗಿರಲಿ. ಮಲೇರಿಯಾ ಇಲ್ಲದ ದೇಶ ಅಂತ 2016ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಡೆಂಗಿ ಮಾತ್ರ ಇದೆ. ಹಗಲು ಹೊತ್ತಿನಲ್ಲೂ ಮಗಳ ಕೈ ಕಾಲಿಗೆ ಸೊಳ್ಳೆ ಮುಲಾಮು ಹಚ್ಚಿ. ಮೂರು ಚೌಕ ಕಾಲಿನ ಪ್ಲಗ್ಗಿಗೆ ಒಂದು ಅಡಾಪ್ಟರ್ ಇಟ್ಟುಕೊಳ್ಳಿ.

ಊಟಕ್ಕೆ ನೀವು ಹೆದರಿದಷ್ಟು ಕಷ್ಟವಿಲ್ಲ. ಸಿಂಹಳದಲ್ಲಿ ಅನ್ನಕ್ಕೆ ಬತ್ ಅನ್ನುತ್ತಾರೆ, ನಮ್ಮ ಭಾತ್ ಥರವೇ. ಅವರ ಇಡಿಯಾಪ್ಪ ನಮ್ಮ ಒತ್ತು ಶಾವಿಗೆ. ಕುರಕ್ಕನ್ ಅಂದರೆ ನಮ್ಮ ರಾಗಿನೇ. ಕುರಕ್ಕನ್ ರೊಟ್ಟಿ ಸಿಕ್ಕ ದಿನ ಅಪ್ಪನ ಮುಖ ನೋಡಬೇಕಿತ್ತು. ಹುಣ್ಣಿಮೆ ದಿನ ಪೋಯ ಅಂತ ರಜೆ, ಅಂದು ಮದ್ಯ ಮಾಂಸ ಮಾರುವುದಿಲ್ಲ. ಶುದ್ಧ ಸಸ್ಯಾಹಾರ ಬೇಕು ಅಂದರೆ ತಮಿಳರ ಸೈವ ಕಡೈ ಹುಡುಕಿ. ಬೇರೆ ಕಡೆ "ಮಸ್ ಮಾಳು ಎಪಾ" ಅನ್ನಿ, ಮಾಂಸ ಮೀನು ಬೇಡ ಅಂತ ಅರ್ಥ. ಅಷ್ಟಕ್ಕೇ ನಿಲ್ಲಬೇಡಿ, "ಉಂಬಲಕಡ ಎಪಾ" ಅಂತಲೂ ಸೇರಿಸಿ. ಅದು ಒಣಗಿಸಿದ ಮೀನಿನ ಚೂರು. ಪೋಲ್ ಸಂಬೋಲ ಅನ್ನುವ ಕೆಂಪು ಕಾಯಿ ಚಟ್ನಿಯಲ್ಲಿ ಅದನ್ನು ಪುಡಿ ಮಾಡಿ ಹಾಕಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ನನಗೆ ಇದು ಗೊತ್ತಾಗಿದ್ದು ಮೊದಲ ಟ್ರಿಪ್ಪಿನ ಕೊನೆಯ ದಿನ. ಮೊಟ್ಟೆ ಹಾಕಿದ ಕೇಕ್ ಕೂಡ ಮುಟ್ಟದ ನಮ್ಮಮ್ಮ ಅಷ್ಟೂ ದಿನ ಅದನ್ನು ಎರಡೆರಡು ಸಲ ಹಾಕಿಸಿಕೊಂಡಿದ್ದರು. ಈಗಲೂ ಮನೆಯಲ್ಲಿ ಕಾಯಿ ಚಟ್ನಿ ರುಬ್ಬಿದಾಗೆಲ್ಲಾ ರುಚಿ ನೋಡಿ, "ಅವರ ಥರ ಬರಲ್ಲ ಕಣೋ, ಏನು ಹಾಕ್ತಾರೋ" ಅನ್ನುತ್ತಾರೆ. ನಾನು ತಟ್ಟೆ ನೋಡಿಕೊಂಡು ಸುಮ್ಮನೆ ತಿನ್ನುತ್ತೇನೆ.