ಎಲ್‌ಇಡಿ ಮಂದವಾಗುವ ಬದಲು ಮಿನುಗುತ್ತಿದೆ, ಯಾಕೆ?

ಪ್ರಶ್ನೆ: ಆರ್ಡುಯಿನೋ ಊನೋ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡಿನಲ್ಲಿ ಟೈಮರ್ ಇಂಟರಪ್ಟ್ (ನಿಗದಿತ ಸಮಯಕ್ಕೊಮ್ಮೆ ಮುಖ್ಯ ಪ್ರೋಗ್ರಾಂ ತಡೆದು ಓಡುವ ಚಿಕ್ಕ ಕೋಡ್) ಬಳಸಿ ಎಲ್‌ಇಡಿ ಬೆಳಕನ್ನು ಹೆಚ್ಚು ಕಡಿಮೆ ಮಾಡಲು ನೋಡುತ್ತಿದ್ದೇನೆ. 1 ಮಿಲಿಸೆಕೆಂಡಿಗೆ ಒಂದು ಇಂಟರಪ್ಟ್ ಬರುತ್ತದೆ. ಅದರಲ್ಲಿ ಒಂದು ಕೌಂಟರ್ 0ಯಿಂದ 255ರವರೆಗೆ ಏರುತ್ತದೆ, ಕೌಂಟರ್ ನಾನು ಕೊಟ್ಟ ಮಟ್ಟಕ್ಕಿಂತ ಕಡಿಮೆ ಇರುವಷ್ಟು ಹೊತ್ತು ಎಲ್‌ಇಡಿ ಆನ್, ಆಮೇಲೆ ಆಫ್. ಆದರೆ ಬೆಳಕು ಮಂದವಾಗುವುದಿಲ್ಲ, ಸುಮ್ನೆ ಮಿನುಗುತ್ತದೆ. ಬೆಳಕು ನಿಧಾನವಾಗಿ ಏರಲಿ ಅಂತ ಇಂಟರಪ್ಟ್ ಒಳಗೆ ಡಿಲೇ (ಸ್ವಲ್ಪ ಹೊತ್ತು ಕಾಯಿಸುವ ಆಜ್ಞೆ) ಹಾಕಿದರೆ ಪ್ರೋಗ್ರಾಂ ನಿಂತೇ ಹೋಗುತ್ತದೆ.

ಉತ್ತರ: ನಿಮ್ಮ ತರ್ಕ ಸರಿಯಾಗಿದೆ, ವೇಗ ಸಾಲದು. ಒಂದು ಸುತ್ತಿಗೆ 256 ಹೆಜ್ಜೆ, ಹೆಜ್ಜೆಗೆ 1 ಮಿಲಿಸೆಕೆಂಡ್, ಅಲ್ಲಿಗೆ ಒಂದು ಸುತ್ತು ಮುಗಿಯಲು 256 ಮಿಲಿಸೆಕೆಂಡ್ ಬೇಕು. ಸೆಕೆಂಡಿಗೆ ನಾಲ್ಕು ಸುತ್ತೂ ಪೂರ್ತಿ ಆಗುವುದಿಲ್ಲ. ಇಷ್ಟು ನಿಧಾನ ಇದ್ದರೆ ಕಣ್ಣು ಪ್ರತಿ ಆನ್-ಆಫ್ ಅನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಸುತ್ತು ಸೆಕೆಂಡಿಗೆ 100ರ ಆಸುಪಾಸಿಗೆ ಬಂದರೆ, ಎಲ್‌ಇಡಿ ಅಲುಗಾಡದೆ ಇರುವಾಗ, ಅದೇ ಆನ್-ಆಫ್ ಒಂದೇ ಸಮನಾದ ಮಂದ ಬೆಳಕಾಗಿ ಕಾಣುತ್ತದೆ.

ಅಷ್ಟು ವೇಗ ಬೇಕೆಂದರೆ ಸೆಕೆಂಡಿಗೆ 25,600 ಇಂಟರಪ್ಟ್ ಬರಬೇಕು. ಊನೋದ ಎಟಿಮೆಗಾ328ಪಿ ಚಿಪ್ 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಹಾಗಾಗಿ ಇದು ಕಷ್ಟವೇನಲ್ಲ. ಚಿಪ್‌ನ ಟೈಮರ್‌ಗಳಲ್ಲಿ ಟೈಮರ್2 ತಗೊಳ್ಳಿ, ಸಿಟಿಸಿ ಮೋಡ್ (ಕೊಟ್ಟ ಸಂಖ್ಯೆ ಮುಟ್ಟಿದಾಗ ಎಣಿಕೆ ಮತ್ತೆ 0ಗೆ ಹೋಗುವ ರೀತಿ), ಪ್ರಿಸ್ಕೇಲರ್ (ಕ್ಲಾಕ್ ವೇಗವನ್ನು ಭಾಗಿಸುವ ಸಂಖ್ಯೆ) 8, ಆ ಕೊನೆಯ ಸಂಖ್ಯೆ ಇಡುವ ಓಸಿಆರ್2ಎ ರಿಜಿಸ್ಟರಿಗೆ 77. ಟೈಮರ್ 0ಯಿಂದ ಎಣಿಸುವುದರಿಂದ 77 ಅಂದರೆ 78 ಎಣಿಕೆ, ಸೆಕೆಂಡಿಗೆ ಸುಮಾರು 25,641 ಇಂಟರಪ್ಟ್, ಸುತ್ತು 100ಕ್ಕೆ ತೀರಾ ಹತ್ತಿರ. ಒಂದು ಇಂಟರಪ್ಟ್‌ನಿಂದ ಇನ್ನೊಂದಕ್ಕೆ ಪ್ರೊಸೆಸರಿಗೆ ಸಿಗುವುದು 624 ಕ್ಲಾಕ್ ಸೈಕಲ್ ಮಾತ್ರ, ಅದರಲ್ಲೇ ಉಳಿದ ಪ್ರೋಗ್ರಾಂ ಕೂಡ ನಡೀಬೇಕು ಅಲ್ವಾ, ಅದಕ್ಕೇ ಇಂಟರಪ್ಟ್ ಒಳಗೆ ಕೌಂಟರ್ ಏರಿಸಿ, ಹೋಲಿಸಿ, ಪಿನ್ ಬದಲಿಸಿ ಹೊರಗೆ ಬಂದುಬಿಡಿ. ಡಿಜಿಟಲ್‌ರೈಟ್ (ಪಿನ್ ಆನ್-ಆಫ್ ಮಾಡುವ ಆಜ್ಞೆ) ಕೂಡ ಅಲ್ಲಿ ಬೇಡ, ಅದು ನಿಧಾನ. ಪಿನ್ ನಿಯಂತ್ರಿಸುವ ಪೋರ್ಟ್ ರಿಜಿಸ್ಟರಿಗೇ ನೇರವಾಗಿ ಬರೆಯಿರಿ.

ಡಿಲೇ ಹಾಕಿದಾಗ ಯಾಕೆ ನಿಂತಿತು ಅಂದರೆ, ಡಿಲೇ ಸಮಯ ಎಣಿಸುವುದು ಟೈಮರ್0ದ ಇಂಟರಪ್ಟ್ ನಂಬಿಕೊಂಡು. ನೀವು ಒಂದು ಇಂಟರಪ್ಟ್ ಒಳಗಿರುವಾಗ ಉಳಿದ ಇಂಟರಪ್ಟ್‌ಗಳು ಬಂದ್ ಆಗಿರುತ್ತವೆ. ಸಮಯ ಮುಂದೆ ಹೋಗುವುದೇ ಇಲ್ಲ, ಡಿಲೇ ಕಾಯುತ್ತಲೇ ಇರುತ್ತದೆ. ಬೆಳಕನ್ನು ಏರಿಸುವ ಇಳಿಸುವ ಕೆಲಸ ಮತ್ತೆ ಮತ್ತೆ ಓಡುವ ಮುಖ್ಯ ಭಾಗವಾದ ಲೂಪ್‌ಗೆ ಬಿಡಿ. ಲೂಪ್ ಮಟ್ಟವನ್ನು ಬರೆಯಲಿ, ಇಂಟರಪ್ಟ್ ಅದನ್ನು ಓದಲಿ. ಇಬ್ಬರೂ ಮುಟ್ಟುವ ಆ ವೇರಿಯಬಲ್ ವೋಲಟೈಲ್ (ಪ್ರತಿ ಸಲ ಮೆಮೊರಿಯಿಂದಲೇ ಓದುವಂತೆ ಗುರುತು ಮಾಡಿದ್ದು) ಆಗಿರಲೇಬೇಕು, ಮತ್ತು 8 ಬಿಟ್‌ನದೇ ಇರಲಿ, ಯಾಕೆಂದರೆ ಈ ಚಿಪ್ 16 ಬಿಟ್ ಸಂಖ್ಯೆಯನ್ನು ಎರಡು ಸಲಕ್ಕೆ ಬರೆಯುತ್ತದೆ, ನಡುವೆ ಇಂಟರಪ್ಟ್ ಬಂದರೆ ಅರ್ಧ ಹಳೆಯದು ಅರ್ಧ ಹೊಸದು ಓದಿಕೊಳ್ಳುತ್ತದೆ. ಹೊಸ ಮಟ್ಟವನ್ನು ಕೌಂಟರ್ 0 ಆದಾಗ ಮಾತ್ರ ತಗೊಂಡರೆ ಸುತ್ತಿನ ಮಧ್ಯದಲ್ಲಿ ಬದಲಾಗಿ ಹೊಳೆಯುವ ತೊಂದರೆಯೂ ಇರುವುದಿಲ್ಲ.

ಪ್ರಶ್ನೆ: ಮಿನುಗು ಹೋಯಿತು. ಈಗ ಮಟ್ಟವನ್ನು ಒಂದೊಂದಾಗಿ ಏರಿಸಿದರೆ ಬೆಳಕು ಶುರುವಿನಲ್ಲೇ ಜಿಗಿಯುತ್ತದೆ, ಆಮೇಲೆ ಏನೂ ಬದಲಾದಂತೆ ಕಾಣುವುದಿಲ್ಲ. ಟೈಮರ್ ಸೆಟ್ಟಿಂಗ್ ತಪ್ಪಿದೆಯಾ?

ಉತ್ತರ: ಇಲ್ಲ, ಟೈಮರ್ ಸರಿಯಾಗೇ ಇದೆ, ಇದು ಕಣ್ಣಿನ ಗುಣ. ಕಡಿಮೆ ಬೆಳಕಿನಲ್ಲಿ ಸಣ್ಣ ವ್ಯತ್ಯಾಸವೂ ಕಣ್ಣಿಗೆ ಬೀಳುತ್ತದೆ, ಜಾಸ್ತಿ ಬೆಳಕಿನಲ್ಲಿ ಅದೇ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಮಟ್ಟ 1ರಿಂದ 2ಕ್ಕೆ ಹೋದರೆ ಬೆಳಕು ಎರಡು ಪಟ್ಟು, 200ರಿಂದ 201ಕ್ಕೆ ಹೋದರೆ ಅರ್ಧ ಶೇಕಡಾ. ಇದಕ್ಕೆ ಗಾಮಾ ಟೇಬಲ್ ಹಾಕುತ್ತಾರೆ: ಮಟ್ಟವನ್ನು 255ರಿಂದ ಭಾಗಿಸಿ, 2.2ರ ಘಾತಕ್ಕೆ ಏರಿಸಿ, ಮತ್ತೆ 255ರಿಂದ ಗುಣಿಸುವುದು. ಹಾಗೆ ಮಾಡಿದರೆ 128 ಹೋಗಿ 56 ಆಗುತ್ತದೆ. ಲೆಕ್ಕವನ್ನು ಚಿಪ್‌ನಲ್ಲಿ ಮಾಡಿಸಬೇಡಿ, 256 ಬೆಲೆಗಳನ್ನು ಮೊದಲೇ ಲೆಕ್ಕ ಹಾಕಿ ಫ್ಲ್ಯಾಶ್ ಮೆಮೊರಿಯಲ್ಲಿ ಇಡಿ.

ಪ್ರಶ್ನೆ: ಅನಲಾಗ್‌ರೈಟ್ (ಪಿನ್‌ಗೆ ಬೆಳಕಿನ ಮಟ್ಟ ಕೊಡುವ ಆರ್ಡುಯಿನೋದ ಸಿದ್ಧ ಆಜ್ಞೆ) ಇರುವಾಗ ಇಷ್ಟೆಲ್ಲಾ ಬೇಕಾ?

ಉತ್ತರ: ಒಂದೆರಡು ಎಲ್‌ಇಡಿಗೆ ಬೇಡವೇ ಬೇಡ. 3, 5, 6, 9, 10, 11 ಪಿನ್‌ಗಳಲ್ಲಿ ಟೈಮರ್ ತಾನೇ ಪಿನ್ ಬದಲಿಸುತ್ತದೆ, ಪ್ರೊಸೆಸರಿಗೆ ಆ ಕೆಲಸವೇ ಇರುವುದಿಲ್ಲ. ಆದರೆ ಆರಕ್ಕಿಂತ ಹೆಚ್ಚು ಎಲ್‌ಇಡಿ ಇದ್ದರೆ, ಅಥವಾ ಬೇರೆ ಪಿನ್ ಬೇಕಿದ್ದರೆ, ಇಂಟರಪ್ಟ್ ದಾರಿ ನಿಜಕ್ಕೂ ಚೆನ್ನಾಗಿದೆ, ಅದನ್ನು ಒಮ್ಮೆಯಾದರೂ ಕೈಯಾರೆ ಬರೆದು ನೋಡಿ. ಟೈಮರ್2 ನೀವು ತಗೊಂಡ ಮೇಲೆ 3 ಮತ್ತು 11ನೇ ಪಿನ್‌ಗಳಲ್ಲಿ ಅನಲಾಗ್‌ರೈಟ್ ನಡೆಯುವುದಿಲ್ಲ, ಸದ್ದು ಹೊರಡಿಸುವ ಟೋನ್ ಆಜ್ಞೆ ಕೂಡ ಅದೇ ಟೈಮರ್ ಬಳಸುವುದರಿಂದ ಅದನ್ನೂ ಬಿಡಬೇಕಾಗುತ್ತದೆ.